ಮಕ್ಕಾದ ಬಸ್ಸು ಹತ್ತಲು ಕಲಿಯುವುದೂ ಹಜ್ಜ್‌ನ ಸಿದ್ಧತೆಯೇ

ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೆಯ ಸೂಕ್ತವು ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಹೆಸರಿಸುತ್ತದೆ. ಬಡವರು, ನಿರ್ಗತಿಕರು, ಸಾಲಗಾರರು ಮುಂತಾದವರ ಸಾಲಿನ ಕೊನೆಯಲ್ಲಿ ಬರುವವನು ‘ಇಬ್ನುಸ್ಸಬೀಲ್’, ಅಂದರೆ ದಾರಿಯ ಮಗ, ಪ್ರಯಾಣಿಕ. ತನ್ನ ಊರಿನಲ್ಲಿ ಹೊಲ, ಮನೆ, ಅಂಗಡಿ ಉಳ್ಳ ಅನುಕೂಲಸ್ಥನೂ ಪರಸ್ಥಳದಲ್ಲಿ ಬರಿಗೈಯಾಗಿ ನಿಂತರೆ ಝಕಾತ್ ಪಡೆಯಲು ಅರ್ಹನೆಂದು ಧರ್ಮವಿದ್ವಾಂಸರು ವಿವರಿಸಿದ್ದಾರೆ. ಮನುಷ್ಯ ಸ್ವಭಾವದ ಆಳವಾದ ಅರಿವು ಈ ನಿಯಮದಲ್ಲಿದೆ. ಊರನ್ನು ಬಿಟ್ಟೊಡನೆ ಮನುಷ್ಯನ ಆಸ್ತಿ, ಹೆಸರು, ಪರಿಚಯ ಎಲ್ಲವೂ ಹಿಂದೆಯೇ ಉಳಿಯುತ್ತವೆ. ಕುಷ್ಟಗಿಯ ಪೇಟೆಯಲ್ಲಿ ಹೆಜ್ಜೆಗೊಬ್ಬರು ಸಲಾಂ ಹೇಳುವ ಹಿರಿಯರು ಮಕ್ಕಾ ನಗರದ ಬಸ್ ನಿಲ್ದಾಣವೊಂದರಲ್ಲಿ ಲಕ್ಷಾಂತರ ಜನರ ನಡುವಿನ ಒಬ್ಬ ಅಪರಿಚಿತರು ಮಾತ್ರ.

ನಮ್ಮ ಭಾಗದಿಂದ ಪ್ರತಿ ವರ್ಷ ಹಜ್ಜ್ ಮತ್ತು ಉಮ್ರಾಕ್ಕೆ ಹೊರಡುವವರ ಬಗ್ಗೆ ಯೋಚಿಸುವಾಗ ಈ ಮಾತು ನೆನಪಿಗೆ ಬರುತ್ತದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದ ಎಷ್ಟೋ ಕುಟುಂಬಗಳಿಗೆ ಈ ಯಾತ್ರೆ ಮಳೆಯನ್ನು ನಂಬಿದ ಬೇಸಾಯದಿಂದ, ಸಣ್ಣ ವ್ಯಾಪಾರದಿಂದ, ದೂರದ ಊರುಗಳಲ್ಲಿ ದುಡಿಯುವ ಮಕ್ಕಳ ಸಂಪಾದನೆಯಿಂದ ವರ್ಷಗಟ್ಟಲೆ ಕೂಡಿಟ್ಟ ಹಣದ ಫಲ. ಅನೇಕ ಹಿರಿಯರಿಗೆ ಅದೇ ಮೊದಲ ವಿಮಾನ, ಅದೇ ಮೊದಲ ಪರದೇಶ. ಹೊರಡುವ ಮುನ್ನ ಅವರಿಗೆ ಇಹ್ರಾಮ್ ಧರಿಸುವ ವಿಧಾನ, ತವಾಫ್‌ನ ಸುತ್ತುಗಳು, ಸಈ, ತಲ್ಬಿಯಾ, ಪ್ರಾರ್ಥನೆಗಳನ್ನು ಶ್ರದ್ಧೆಯಿಂದ ಕಲಿಸಲಾಗುತ್ತದೆ. ಹೂಮಾಲೆ ಹಾಕಿ, ಊಟ ಹಾಕಿಸಿ, ದುಆ ಕೇಳಿ ಬೀಳ್ಕೊಡಲಾಗುತ್ತದೆ. ಆದರೆ ಪರದೇಶದ ನಗರದಲ್ಲಿ ತಂಗಿರುವ ಕಟ್ಟಡದಿಂದ ಹರಮ್‌ಗೆ ಹೋಗುವುದು ಹೇಗೆ, ಹಿಂದಿರುಗುವುದು ಹೇಗೆ, ಒಂಟಿಯಾದರೆ ಮಾಡಬೇಕಾದುದೇನು ಎಂಬುದನ್ನು ಕೂಡಿಸಿಕೊಂಡು ಹೇಳಿಕೊಡುವವರು ಕಡಿಮೆ. ‘ಗುಂಪಿನ ಜೊತೆ ಇರಿ, ಅವರೇ ಕರೆದುಕೊಂಡು ಹೋಗುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಆ ಪಾಠ ಮುಗಿದುಹೋಗುತ್ತದೆ. ಇದು ಸಣ್ಣ ಲೋಪವಲ್ಲ. ಪರಸ್ಥಳದಲ್ಲಿ ಸಂಚರಿಸುವ ತಿಳಿವಳಿಕೆಯೂ ಹಜ್ಜ್‌ನ ಸಿದ್ಧತೆಯ ಒಂದು ಭಾಗ; ಅದನ್ನು ಕಲಿಸುವುದು ಮಕ್ಕಳ ಮತ್ತು ಜಮಾಅತ್‌ನ ಹೊಣೆ.

ಅಲ್ಲಿನ ವಾಸ್ತವವನ್ನು ಸ್ವಲ್ಪ ನೋಡೋಣ. ಭಾರತೀಯ ಹಜ್ಜ್ ಸಮಿತಿಯ ಮೂಲಕ ಹೋಗುವ ಯಾತ್ರಿಕರಲ್ಲಿ ಬಹುಪಾಲು ಜನರಿಗೆ ಮಕ್ಕಾದ ಅಝೀಝಿಯಾ ಪ್ರದೇಶದಲ್ಲಿ ವಸತಿ ದೊರೆಯುತ್ತದೆ. ಅದು ಹರಮ್‌ನಿಂದ ಕೆಲವು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ಹರಮ್‌ಗೆ ಬಸ್ಸುಗಳ ವ್ಯವಸ್ಥೆ ಇರುತ್ತದೆ. ಆದರೆ ಒಂದೇ ಬಣ್ಣದ, ಒಂದೇ ಆಕಾರದ ಸಾಲು ಸಾಲು ಬಸ್ಸುಗಳಲ್ಲಿ ತಮ್ಮ ಕಟ್ಟಡದ ಬಸ್ಸನ್ನು ಗುರುತಿಸಬೇಕು; ನಮಾಝ್ ಮುಗಿದು ಜನಸಾಗರ ಒಮ್ಮೆಲೆ ಹೊರಬರುವಾಗ ತಾವು ಇಳಿದ ನಿಲ್ದಾಣಕ್ಕೇ ಮರಳಬೇಕು. ಜುಮಾ ದಿನ ಹರಮ್ ಸುತ್ತಲಿನ ರಸ್ತೆಗಳಲ್ಲಿ ವಾಹನ ಸಿಗುವುದೇ ಕಷ್ಟ. ಹಜ್ಜ್‌ನ ದಿನಗಳು ಸಮೀಪಿಸಿದಾಗ ಕೆಲವು ದಿನ ಆ ಬಸ್ಸುಗಳೂ ನಿಲ್ಲುತ್ತವೆ. ನಂತರ ಮಿನಾ, ಅರಫಾ, ಮುಝ್ದಲಿಫಾಗಳ ಪ್ರಯಾಣ. ಅಲ್ಲಿ ಕೆಲವರಿಗೆ ಬಸ್ಸು, ಕೆಲವರಿಗೆ 2010ರಲ್ಲಿ ಆರಂಭವಾದ ಮಶಾಇರ್ ರೈಲು. ಹಜ್ಜ್‌ನ ಆ ಕೆಲವೇ ದಿನಗಳಲ್ಲಿ ಓಡುವ ಈ ರೈಲಿಗೆ ಒಂಬತ್ತು ನಿಲ್ದಾಣಗಳಿವೆ: ಅರಫಾದಲ್ಲಿ ಮೂರು, ಮುಝ್ದಲಿಫಾದಲ್ಲಿ ಮೂರು, ಮಿನಾದಲ್ಲಿ ಮೂರು. ಹೆಸರು ಒಂದೇ, ಸಂಖ್ಯೆ ಮಾತ್ರ ಬೇರೆ. ಮಿನಾದ ಒಂದನೆಯ ನಿಲ್ದಾಣದಲ್ಲಿ ಇಳಿಯಬೇಕಾದವರು ಮೂರನೆಯದರಲ್ಲಿ ಇಳಿದರೆ, ಒಂದೇ ತೆರನಾಗಿ ಕಾಣುವ ಸಾವಿರಾರು ಬಿಳಿ ಡೇರೆಗಳ ನಡುವೆ ಉರಿಬಿಸಿಲಿನಲ್ಲಿ ತಮ್ಮ ಡೇರೆಯನ್ನು ಹುಡುಕುತ್ತ ಅಲೆಯಬೇಕಾಗುತ್ತದೆ.

ಇಂತಹ ಸ್ಥಿತಿಯಲ್ಲಿ ಏನೂ ತಿಳಿಯದೆ ಹೋದವರು ಎರಡು ರೀತಿಯ ನಷ್ಟಕ್ಕೆ ಒಳಗಾಗುತ್ತಾರೆ. ಒಂದು, ದಾರಿ ತಪ್ಪುವ ಭಯ ಮತ್ತು ಅದರ ಅಪಾಯ. ಇನ್ನೊಂದು ಹೆಚ್ಚು ದುಃಖದ್ದು, ಆದರೆ ಯಾರ ಕಣ್ಣಿಗೂ ಬೀಳದ್ದು. ದಾರಿ ತಪ್ಪೀತು ಎಂಬ ಭಯದಿಂದ ಅವರು ಕೋಣೆಯಲ್ಲೇ ಕುಳಿತುಬಿಡುತ್ತಾರೆ. ಗಂಡನಿಗೆ ಜ್ವರ ಬಂದರೆ ಹೆಂಡತಿಯ ತವಾಫ್ ನಿಲ್ಲುತ್ತದೆ. ಜೊತೆಗಾರರಿಗೆ ಆಯಾಸವಾದರೆ ಮುದುಕಿಯ ತಹಜ್ಜುದ್ ಆಸೆ ಕೈಗೂಡುವುದಿಲ್ಲ. ಜೀವಮಾನವಿಡೀ ಯಾವ ಕಅಬಾದ ದಿಕ್ಕಿಗೆ ಮುಖ ಮಾಡಿದ್ದರೋ ಅದರಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದೂ, ‘ಯಾರು ಕರೆದೊಯ್ಯುತ್ತಾರೆ?’ ಎಂದು ಬಾಗಿಲ ಕಡೆ ನೋಡುತ್ತ ದಿನ ಕಳೆಯುವುದು ಎಂತಹ ವಂಚನೆ!

ಈ ನಷ್ಟದ ದೊಡ್ಡ ಪಾಲು ಮಹಿಳೆಯರದು. ‘ಅವಳ ಜೊತೆ ಮಹ್ರಮ್ ಇದ್ದಾನಲ್ಲ, ಅವಳಿಗೇಕೆ ಬಸ್ಸಿನ ನಂಬರು?’ ಎಂದು ಕೇಳುವವರಿದ್ದಾರೆ. ಹರಮ್‌ನ ಜನಸಂದಣಿಯಲ್ಲಿ ಪುರುಷರ ಸಾಲು, ಮಹಿಳೆಯರ ಸಾಲು ಬೇರೆಯಾಗುತ್ತದೆ. ಕೈ ತಪ್ಪಲು ಒಂದು ನಿಮಿಷ ಸಾಕು. ಕೈ ತಪ್ಪಿದ ಮೇಲೆ ಅಲ್ಲಾಹನ ರಕ್ಷಣೆಯೊಂದಿಗೆ ಅವಳಿಗೆ ನೆರವಾಗುವುದು ಅವಳದೇ ತಿಳಿವಳಿಕೆ. ಇದಲ್ಲದೆ 2018ರಿಂದ ನಲವತ್ತೈದು ವರ್ಷ ದಾಟಿದ ಮಹಿಳೆಯರು ಮಹ್ರಮ್ ಇಲ್ಲದೆಯೂ ಗುಂಪಾಗಿ ಹಜ್ಜ್ ಸಮಿತಿಯ ಮೂಲಕ ಹೋಗಲು ಅವಕಾಶವಿದೆ. ಈ ವಿಷಯದಲ್ಲಿ ವಿದ್ವಾಂಸರ ಅಭಿಪ್ರಾಯಗಳು ಏನೇ ಇರಲಿ, ಹೋಗುವವರನ್ನು ಏನೂ ಕಲಿಸದೆ ಕಳುಹಿಸುವುದು ಸರಿಯೆಂದು ಯಾರೂ ಹೇಳಲಾರರು.

ಪ್ರಯಾಣದ ರೀತಿಯು ಆರಾಧನೆಯಿಂದ ಹೊರಗಿನ ವಿಷಯವೆಂದು ಭಾವಿಸುವವರು ಪ್ರವಾದಿ ಮುಹಮ್ಮದ್(ಸ)ರ ವಿದಾಯದ ಹಜ್ಜನ್ನು ಗಮನವಿಟ್ಟು ಓದಬೇಕು. ಅದರ ವರದಿಗಳಲ್ಲಿ ಪ್ರಾರ್ಥನೆಗಳಷ್ಟೇ ಸ್ಪಷ್ಟವಾಗಿ ಸವಾರಿಯ ವಿವರಗಳೂ ಇವೆ. ಅರಫಾದಿಂದ ಮುಝ್ದಲಿಫಾದವರೆಗೆ ಪ್ರವಾದಿ(ಸ)ರ ಒಂಟೆಯ ಮೇಲೆ ಹಿಂದೆ ಕುಳಿತಿದ್ದವರು ಹಝ್ರತ್ ಉಸಾಮಾ ಬಿನ್ ಝೈದ್(ರ). ಮುಝ್ದಲಿಫಾದಿಂದ ಮಿನಾದ ಕಡೆಗೆ ಆ ಜಾಗ ದೊರೆತದ್ದು ಹಝ್ರತ್ ಫಝ್ಲ್ ಬಿನ್ ಅಬ್ಬಾಸ್(ರ)ರಿಗೆ. ಅಷ್ಟು ದೊಡ್ಡ ಜನಸಮೂಹದ ನಾಯಕರು ತಮ್ಮ ವಾಹನವನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡರು. ಅರಫಾದಿಂದ ಹೊರಟಾಗ ಜನರು ಒಂಟೆಗಳನ್ನು ಅವಸರದಿಂದ ಓಡಿಸತೊಡಗಿದರು. ಆಗ ಪ್ರವಾದಿ(ಸ)ರು, ಪುಣ್ಯವು ಅವಸರದಲ್ಲಿಲ್ಲವೆಂದು ತಿಳಿಸಿ ಶಾಂತರಾಗಿರಲು ಆದೇಶಿಸಿದರು. ತಮ್ಮ ಒಂಟೆ ಕಸ್ವಾದ ಮೂಗುದಾರವನ್ನು ಅದರ ತಲೆ ಜೀನಿಗೆ ತಾಗುವಷ್ಟು ಬಿಗಿಹಿಡಿದಿದ್ದರೆಂದೂ, ಮರಳುದಿಬ್ಬ ಬಂದಾಗ ಅದು ಹತ್ತಲು ಅನುಕೂಲವಾಗುವಂತೆ ಸಡಿಲಿಸುತ್ತಿದ್ದರೆಂದೂ ಹಝ್ರತ್ ಜಾಬಿರ್(ರ)ರ ವರದಿ ಹೇಳುತ್ತದೆ. ದೈಹಿಕವಾಗಿ ನಿಧಾನವಾಗಿದ್ದ ಹಝ್ರತ್ ಸೌದಾ(ರ)ರಿಗೆ ಜನಸಂದಣಿಗೆ ಮುನ್ನವೇ ಮುಝ್ದಲಿಫಾದಿಂದ ಹೊರಡಲು ಅನುಮತಿ ಸಿಕ್ಕಿತು. ಅಸ್ವಸ್ಥರಾಗಿದ್ದ ಹಝ್ರತ್ ಉಮ್ಮು ಸಲಮಾ(ರ)ರಿಗೆ ಸವಾರಿಯ ಮೇಲೆ ಕುಳಿತು, ಜನರ ಹಿಂದಿನಿಂದ ತವಾಫ್ ಮಾಡಲು ಸೂಚಿಸಲಾಯಿತು. ಯಾರು ಯಾವಾಗ ಹೊರಡಬೇಕು, ಯಾರು ನಡೆಯಬೇಕು, ಯಾರಿಗೆ ವಾಹನ ಬೇಕು ಎಂಬ ಯೋಚನೆಯು ಆ ಹಜ್ಜ್‌ನ ಒಳಗೇ ಇತ್ತು.

ನಮ್ಮ ಹಿಂದಿನವರಿಗೂ ಈ ತಿಳಿವಳಿಕೆ ಇತ್ತು. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳಗಳು ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ ಸಂಸ್ಥಾನದ ಯಾತ್ರಿಕರು ತಂಗಲೆಂದು ಮಕ್ಕಾದಲ್ಲಿ ರುಬಾತ್ ಏರ್ಪಟ್ಟಿತು. ಹಿಂದಿನ ನಿಜಾಮ ಸೀಮೆಯ ಯಾತ್ರಿಕರಿಗೆ ಅದರ ಪ್ರಯೋಜನ ಈ ಕಾಲದವರೆಗೂ ದೊರೆಯುತ್ತ ಬಂದಿದೆ. ಡಮಾಸ್ಕಸ್‌ನಿಂದ ಹೊರಟ ಹಿಜಾಝ್ ರೈಲು 1908ರಲ್ಲಿ ಮದೀನಾ ತಲುಪಿತು. ಅದರ ನಿರ್ಮಾಣಕ್ಕೆ ಭಾರತದ ಮುಸ್ಲಿಮರೂ ವಂತಿಗೆ ನೀಡಿದ್ದರು. 1995ರವರೆಗೂ ಮುಂಬಯಿಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋಗುವವರಿದ್ದರು; ಆ ದೀರ್ಘ ಪ್ರಯಾಣದಲ್ಲಿ ಹಿಂದೆ ಹೋಗಿ ಬಂದವರಿಂದ ಹೊಸಬರು ದಾರಿಯ ವಿಷಯವನ್ನು ಕೇಳಿ ತಿಳಿಯಲು ಸಮಯವಿತ್ತು. ಇಂದು ವಿಮಾನ ಕೆಲವೇ ಗಂಟೆಗಳಲ್ಲಿ ಜಿದ್ದಾದಲ್ಲೋ ಮದೀನಾದಲ್ಲೋ ಇಳಿಸಿಬಿಡುತ್ತದೆ. ದಾರಿಯಲ್ಲಿ ಕಲಿಯುವ ಅವಕಾಶ ಹೋಯಿತು. ಆದ್ದರಿಂದ ಮನೆಯಲ್ಲೇ ಕಲಿಸಬೇಕಾಗಿದೆ.

‘ನಮ್ಮ ತಾಯಿಗೆ ಓದು ಬರಹ ಬರುವುದಿಲ್ಲ, ಅವರಿಗೆ ಏನು ಕಲಿಸುವುದು?’ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಆದರೆ ಆ ತಾಯಿ ದಿನವೂ ಫಜ್ರ್ ನಂತರ ಕುರ್‌ಆನ್ ತೆರೆದು ಪಾರಾಯಣ ಮಾಡುತ್ತಾರಲ್ಲವೇ? ಹಾಗಾದರೆ ಮಕ್ಕಾದ ಬೀದಿಯಲ್ಲಿ ಅವರು ಅನಕ್ಷರಸ್ಥರಲ್ಲ. ಅಲ್ಲಿನ ಫಲಕಗಳು ಅವರು ಬಾಲ್ಯದಲ್ಲಿ ಮದ್ರಸಾದಲ್ಲಿ ಕಲಿತ ಅಕ್ಷರಗಳಲ್ಲೇ ಇವೆ. ‘ಬಾಬ್’ ಎಂದರೆ ಬಾಗಿಲು, ‘ಖುರೂಜ್’ ಎಂದರೆ ಹೊರಹೋಗುವ ದಾರಿ, ‘ದುಖೂಲ್’ ಎಂದರೆ ಒಳಬರುವ ದಾರಿ. ‘ಯಮೀನ್’ ಬಲಗಡೆ. ‘ನಿಸಾ’ ಎಂದು ಬರೆದಿದ್ದರೆ ಮಹಿಳೆಯರಿಗೆ, ‘ರಿಜಾಲ್’ ಎಂದಿದ್ದರೆ ಪುರುಷರಿಗೆ. ಕುರ್‌ಆನಿನ ನಾಲ್ಕನೆಯ ಅಧ್ಯಾಯದ ಹೆಸರೇ ಅನ್ನಿಸಾ ಎಂಬುದನ್ನು ಬಲ್ಲ ತಾಯಿಗೆ ಈ ಪದ ಹೊಸದಲ್ಲ. ಕಲಿಯಬೇಕಾದ ಹೊಸ ಪದಗಳು ಕೆಲವೇ: ‘ಹಾಫಿಲಾ’ ಬಸ್ಸು, ‘ಮಹತ್ತಾ’ ನಿಲ್ದಾಣ, ‘ಕಮ್’ ಎಷ್ಟು, ‘ವೈನ್’ ಎಲ್ಲಿ. ಅಲ್ಲಿನ ಚಾಲಕರಲ್ಲಿ, ಅಂಗಡಿಯವರಲ್ಲಿ ಉರ್ದು ತಿಳಿದವರು ಸಾಕಷ್ಟು ಜನರಿರುವುದರಿಂದ ನಮ್ಮ ಮನೆಯ ದಖನಿ ಮಾತೂ ಕೈಹಿಡಿಯುತ್ತದೆ.

ಅಂಕಿಗಳ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಅರಬಿಯಲ್ಲಿ ದುಂಡಗಿನ ಗುರುತು ಸೊನ್ನೆಯಲ್ಲ, ಅದು ಐದು. ಸೊನ್ನೆಗೆ ಅಲ್ಲಿ ಒಂದು ಚುಕ್ಕೆ ಮಾತ್ರ. ನಮಗೆ ಇಂಗ್ಲಿಷಿನ ಏಳರಂತೆ ಕಾಣುವುದು ಆರು. ಮೇಲೆ ಬಾಯ್ತೆರೆದ ಎರಡು ಗೆರೆಗಳು ಕೂಡಿದ್ದು ಏಳು. ಅದನ್ನೇ ತಲೆಕೆಳಗು ಮಾಡಿದರೆ ಎಂಟು. ಬಸ್ಸಿನ ಮೇಲಿನ, ಕಟ್ಟಡದ ಮೇಲಿನ ಸಂಖ್ಯೆಯನ್ನು ತಪ್ಪಾಗಿ ಓದಿದವರು ಬೇರೆಯೇ ಬೀದಿಗೆ ಹೋಗುತ್ತಾರೆ. ಕುರ್‌ಆನಿನ ಸೂಕ್ತಗಳ ಸಂಖ್ಯೆ ನೋಡುವ ಅಭ್ಯಾಸವಿರುವವರಿಗೆ ಇವುಗಳಲ್ಲಿ ಹೆಚ್ಚಿನವು ಪರಿಚಿತವೇ. ನಮ್ಮ ಭಾರತೀಯ ಮುದ್ರಣಗಳಲ್ಲಿ ನಾಲ್ಕು, ಐದು, ಆರರ ರೂಪ ಸ್ವಲ್ಪ ಬೇರೆ ಇರುತ್ತದೆ; ಅಷ್ಟನ್ನು ತೋರಿಸಿಕೊಟ್ಟರೆ ಸಾಕು. ಮೊಮ್ಮಗಳು ಅಜ್ಜಿಗೆ ಇದನ್ನು ಒಂದು ಸಂಜೆಯಲ್ಲಿ ಕಲಿಸಬಲ್ಲಳು.

ಇನ್ನುಳಿದ ಪಾಠಗಳೂ ಸರಳವಾದವೇ. ಸೌದಿ ಅರೇಬಿಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುವ ನಮ್ಮ ಜೀವಮಾನದ ಅಭ್ಯಾಸವೇ ಅಲ್ಲಿ ಅಪಾಯಕಾರಿ. ಮೊದಲು ಎಡಕ್ಕೆ ನೋಡಬೇಕು. ಹರಮ್ ಪ್ರವೇಶಿಸುವಾಗ ಬಾಗಿಲಿನ ಹೆಸರು, ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕು. ಕಿಂಗ್ ಅಬ್ದುಲ್ ಅಝೀಝ್ ಬಾಗಿಲು 1, ಕಿಂಗ್ ಫಹದ್ ಬಾಗಿಲು 79. ಬೇರೆ ಬಾಗಿಲಿನಿಂದ ಹೊರಬಂದವರಿಗೆ ಇಡೀ ನಗರವೇ ಬೇರೆಯಾಗಿ ಕಾಣುತ್ತದೆ. ದೂರದಿಂದ ಕಾಣುವ ಗಡಿಯಾರ ಗೋಪುರ ದಿಕ್ಕು ತಿಳಿಯಲು ಒಳ್ಳೆಯ ಗುರುತು. ಹಜ್ಜ್ ಸಮಿತಿ ನೀಡುವ ಕೈಬಳೆ ಮತ್ತು ಗುರುತಿನ ಚೀಟಿಯನ್ನು ಸ್ನಾನ, ವುಝೂ ಎಂದು ಬಿಚ್ಚಿಡಬಾರದು. ಕಟ್ಟಡದ ಸಂಖ್ಯೆ, ಜೊತೆಗಾರರ ದೂರವಾಣಿ ಸಂಖ್ಯೆಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೊಬೈಲಿನ ಚಾರ್ಜು ಮುಗಿಯುತ್ತದೆ. ಟ್ಯಾಕ್ಸಿ ಹತ್ತುವ ಮುನ್ನವೇ ಬಾಡಿಗೆ ಮಾತಾಡಿಕೊಳ್ಳಬೇಕು.

ಉಮ್ರಾಕ್ಕೆ ಹೋಗುವವರು ಹರಮೈನ್ ರೈಲಿನ ಬಗ್ಗೆ ತಿಳಿದಿರುವುದು ಒಳ್ಳೆಯದು. 2018ರಲ್ಲಿ ಆರಂಭವಾದ ಈ ರೈಲು ಮಕ್ಕಾ, ಜಿದ್ದಾ, ಮದೀನಾಗಳನ್ನು ಜೋಡಿಸುತ್ತದೆ. ಜಿದ್ದಾದ ವಿಮಾನ ನಿಲ್ದಾಣದಲ್ಲೂ ಅದು ನಿಲ್ಲುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದ ಈ ರೈಲಿನಲ್ಲಿ ಸುಮಾರು 450 ಕಿಲೋಮೀಟರ್ ದೂರ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಸಾಗುತ್ತದೆ. ಆದರೆ ಮಕ್ಕಾದ ರೈಲು ನಿಲ್ದಾಣ ಇರುವುದು ರುಸೈಫಾದಲ್ಲಿ, ಹರಮ್‌ನ ಪಕ್ಕದಲ್ಲಲ್ಲ. ಅಲ್ಲಿಂದ ಮತ್ತೆ ಬಸ್ಸೋ ಟ್ಯಾಕ್ಸಿಯೋ ಬೇಕು. ರಸ್ತೆಯ ಮೂಲಕ ಹೋಗುವವರೂ ತಮ್ಮ ಪ್ರಯಾಣದ ದಿನ, ದಾರಿ, ಬಸ್ಸಿನ ವಿವರವನ್ನು ಮನೆಯವರಿಗೆ ತಿಳಿಸಿ ಹೊರಡಬೇಕು. 2025ರ ನವೆಂಬರ್ 17ರಂದು ಮದೀನಾ ಸಮೀಪ ನಡೆದ ದುರಂತದಲ್ಲಿ ಬಸ್ಸು ಟ್ಯಾಂಕರ್‌ಗೆ ಡಿಕ್ಕಿಯಾಗಿ ಉರಿದು, ಉಮ್ರಾಕ್ಕೆ ಹೋಗಿದ್ದ 40ಕ್ಕೂ ಹೆಚ್ಚು ಭಾರತೀಯರು ನಿಧನರಾದರು. ಅವರಲ್ಲಿ ಬಹುತೇಕರು ಹೈದರಾಬಾದಿನವರು. ಅಲ್ಲಾಹನು ಅವರೆಲ್ಲರನ್ನೂ ತನ್ನ ಕರುಣೆಯಲ್ಲಿ ಸೇರಿಸಿಕೊಳ್ಳಲಿ. ಅಂತಹ ಗಳಿಗೆಯಲ್ಲಿ ‘ನಮ್ಮವರು ಯಾವ ಬಸ್ಸಿನಲ್ಲಿದ್ದರು?’ ಎಂಬ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಇರುವುದು ಕುಟುಂಬಕ್ಕೆ ಎಷ್ಟು ದೊಡ್ಡ ಸಂಕಟವೆಂದು ಹೇಳಬೇಕಾಗಿಲ್ಲ.

‘ಅಲ್ಲಾಹನ ಅತಿಥಿಗಳಾಗಿ ಹೋಗುತ್ತಿದ್ದೇವೆ, ಅವನೇ ನೋಡಿಕೊಳ್ಳುತ್ತಾನೆ’ ಎನ್ನುವವರ ಭಾವನೆಯನ್ನು ಗೌರವಿಸೋಣ. ಆದರೆ ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿಸಿದವರು ಪ್ರವಾದಿ(ಸ)ರೇ. ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ನಾಯಕರನ್ನಾಗಿ ಆರಿಸಿಕೊಳ್ಳಬೇಕೆಂದೂ ಅವರು ಬೋಧಿಸಿದರು. ಸಿದ್ಧತೆಯು ತವಕ್ಕುಲ್‌ಗೆ ವಿರುದ್ಧವಲ್ಲ, ಅದು ತವಕ್ಕುಲ್‌ನ ಮೊದಲ ಮೆಟ್ಟಿಲು. ಇನ್ನು ಗುಂಪಿನ ವ್ಯವಸ್ಥಾಪಕರ ಮೇಲೆ ಎಲ್ಲವನ್ನೂ ಹೊರಿಸುವವರು ಒಂದು ಮಾತನ್ನು ನೆನಪಿಡಬೇಕು. ಹತ್ತಾರು ಜನರನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿ ಪ್ರತಿಯೊಬ್ಬರ ಕೈ ಹಿಡಿದು ನಡೆಸಲಾರ. ಗುಂಪಿನಲ್ಲಿ ದಾರಿ ಬಲ್ಲವರು ಹೆಚ್ಚಿದಷ್ಟೂ, ನಿಜವಾಗಿ ನೆರವು ಬೇಕಾದ ವೃದ್ಧರ ಕಡೆ ಗಮನ ಹರಿಸಲು ಅವನಿಗೆ ಸಮಯ ಸಿಗುತ್ತದೆ.

ಈ ಕಲಿಕೆಗೆ ಕುಷ್ಟಗಿಯಲ್ಲೇ ಅನುಕೂಲ ಒದಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಮನೆಯ ಗಂಡಸರ ಬಿಡುವಿಗಾಗಿ ಕಾಯುತ್ತಿದ್ದ ಅನೇಕ ತಾಯಂದಿರು ಇಂದು ಆಧಾರ್ ಕಾರ್ಡು ಹಿಡಿದು ಕೊಪ್ಪಳದ ಆಸ್ಪತ್ರೆಗೆ, ಇಳಕಲ್ಲಿನ ಪೇಟೆಗೆ, ಮಗಳ ಊರಿಗೆ ತಾವೇ ಹೋಗಿ ಬರುತ್ತಾರೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದು, ಹುಬ್ಬಳ್ಳಿಗೆ ನೇರ ಸಂಪರ್ಕವೂ ದೊರೆಯಿತು. ಹಜ್ಜ್‌ಗೆ ಆಯ್ಕೆಯಾದ ಹಿರಿಯರಿಗೆ ಇವೇ ತರಬೇತಿಯ ಶಾಲೆಗಳಾಗಲಿ. ಮಗ ಸುಮ್ಮನೆ ಹಿಂದಿನ ಸೀಟಿನಲ್ಲಿ ಕುಳಿತಿರಲಿ. ತಾಯಿಯೇ ಫಲಕ ನೋಡಲಿ, ತಾಯಿಯೇ ವಿಚಾರಿಸಲಿ, ಇಳಿಯಬೇಕಾದ ಊರನ್ನು ತಾವೇ ಗುರುತಿಸಲಿ, ಹಿಂದಿರುಗುವ ಬಸ್ಸನ್ನು ತಾವೇ ಹುಡುಕಲಿ. ಎರಡು ಮೂರು ಬಾರಿ ಹೀಗೆ ಮಾಡಿದರೆ ಹುಟ್ಟುವ ಧೈರ್ಯ ಮಕ್ಕಾದಲ್ಲೂ ಉಳಿಯುತ್ತದೆ. ನಮ್ಮ ಅಂಜುಮನ್ ಮತ್ತು ಮಸೀದಿ ಸಮಿತಿಗಳು ಹಜ್ಜ್ ತರಬೇತಿಯಲ್ಲಿ ಒಂದು ದಿನವನ್ನು ಇದಕ್ಕೇ ಮೀಸಲಿಡಬೇಕು. ಕಳೆದ ವರ್ಷ ಹೋಗಿಬಂದ ಹಾಜಿಗಳು, ವಿಶೇಷವಾಗಿ ಮಹಿಳೆಯರು, ನಕ್ಷೆ ಬರೆದು ತಮ್ಮ ಅನುಭವ ಹೇಳಬೇಕು. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ದಾರಿ ತಿಳಿದರೆ ಸಾಲದು, ದಾರಿಯ ಶಿಷ್ಟಾಚಾರವೂ ಬೇಕು. ಬಸ್ಸಿನ ಬಾಗಿಲಲ್ಲಿ ನೂಕಾಡಿ ಮುದುಕರನ್ನು ಹಿಂದೆ ಹಾಕುವುದು, ಟವೆಲು ಎಸೆದು ಸೀಟು ಹಿಡಿಯುವುದು, ಕಿತ್ತಳೆ ಸಿಪ್ಪೆಯನ್ನು ಕಿಟಕಿಯಿಂದ ಹೊರಗೆಸೆಯುವುದು ಇಹ್ರಾಮ್‌ನ ಬಟ್ಟೆಗೆ ಶೋಭಿಸುವುದಿಲ್ಲ. ಸವಾರಿಯಲ್ಲಿರುವವನು ನಡೆಯುವವನಿಗೆ ಮೊದಲು ಸಲಾಂ ಹೇಳಬೇಕೆಂದು ಹದೀಸ್ ಕಲಿಸುತ್ತದೆ. ವಾಹನ ದೊರೆತವನಲ್ಲಿ ಅಹಂಕಾರ ಮೂಡದಿರಲೆಂದೇ ಈ ಶಿಕ್ಷಣ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದೂ ಈಮಾನ್‌ನ ಒಂದು ಶಾಖೆ ಎಂದ ಮೇಲೆ, ದಾರಿಯಲ್ಲಿ ನಾವೇ ತೊಂದರೆಯಾಗುವುದು ಹೇಗೆ ಸರಿ?

ಕೊನೆಯದಾಗಿ, ಪರದೇಶದಲ್ಲಿ ಅಪರಿಚಿತರಾಗಿ ನಿಂತ ಅನುಭವ ನಮ್ಮನ್ನು ಇನ್ನೊಂದು ಕರ್ತವ್ಯಕ್ಕೆ ಕರೆಯುತ್ತದೆ. ಆನೆಗೊಂದಿ, ಹಂಪಿಗಳನ್ನು ನೋಡಲು ದೂರ ದೇಶಗಳಿಂದ ಬರುವವರು ಗಂಗಾವತಿ, ಹೊಸಪೇಟೆಗಳ ಬಸ್ ನಿಲ್ದಾಣಗಳಲ್ಲಿ ಕನ್ನಡದ ಫಲಕಗಳನ್ನು ಅರ್ಥವಾಗದೆ ನೋಡುತ್ತ ನಿಲ್ಲುತ್ತಾರೆ. ಉತ್ತರ ಭಾರತದಿಂದ ಕೂಲಿಗೆ ಬಂದ ಹುಡುಗರು ಕುಷ್ಟಗಿಯ ಬಸ್ ನಿಲ್ದಾಣದಲ್ಲೂ ಕಾಣಸಿಗುತ್ತಾರೆ. ಅವರ ಧರ್ಮ ಯಾವುದೇ ಇರಲಿ, ಅವರೂ ದಾರಿಯ ಮಕ್ಕಳೇ. 2025ರ ಮಾರ್ಚ್‌ನಲ್ಲಿ ಸಣಾಪುರದ ಕಾಲುವೆಯ ಬಳಿ ಪ್ರವಾಸಿಗರ ಮೇಲೆ ನಡೆದ ಅಮಾನುಷ ದಾಳಿ ನಮ್ಮ ಇಡೀ ಜಿಲ್ಲೆ ತಲೆತಗ್ಗಿಸುವಂತೆ ಮಾಡಿತು. ಪರಸ್ಥಳದವರಿಂದ ಎರಡು ಪಟ್ಟು ಬಾಡಿಗೆ ಕೇಳುವ ಆಟೋದವನಾಗಲಿ, ‘ನಮಗೇಕೆ?’ ಎಂದು ಮುಖ ತಿರುಗಿಸುವ ಅಂಗಡಿಯವನಾಗಲಿ ಅಂತಹ ದುಷ್ಟನಲ್ಲ, ನಿಜ. ಆದರೆ ಪ್ರಯಾಣಿಕನ ಹಕ್ಕನ್ನು ಅವನೂ ಮರೆತಿದ್ದಾನೆ. ಮಕ್ಕಾದಲ್ಲಿ ನಮ್ಮ ತಾಯಿಗೆ ದಾರಿ ತೋರಿಸಿದ ಯಾವುದೋ ದೇಶದ ಯುವಕನಿಗಾಗಿ ನಾವು ದುಆ ಮಾಡುತ್ತೇವೆ. ಇನ್ಯಾರದೋ ತಾಯಿ ತನ್ನ ಮಗನಿಗೆ ದಾರಿ ತೋರಿಸಿದ ಕುಷ್ಟಗಿಯ ಆಟೋದವನಿಗಾಗಿ ದುಆ ಮಾಡುವಂತಾಗಲಿ.

ಸಹೋದರ ಸಹೋದರಿಯರೇ, ಈ ವರ್ಷ ನಿಮ್ಮ ಮನೆಯಿಂದ ಯಾರಾದರೂ ಆ ಪವಿತ್ರ ಯಾತ್ರೆಗೆ ಹೊರಡುವುದಿದ್ದರೆ, ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ರೊಟ್ಟಿ, ಔಷಧಿಗಳೊಂದಿಗೆ ಈ ತಿಳಿವಳಿಕೆಯನ್ನೂ ಇಟ್ಟು ಕಳುಹಿಸಿರಿ. ಅವರು ಯಾರ ಕೈಯನ್ನೂ ಕಾಯದೆ, ಭಯವಿಲ್ಲದೆ, ಬೇಕಾದಾಗ ಎದ್ದು ಅಲ್ಲಾಹನ ಮನೆಗೆ ಹೋಗಿ ಬರುವಂತಾಗಲಿ. ಅಲ್ಲಾಹನು ಎಲ್ಲ ಪ್ರಯಾಣಿಕರನ್ನೂ ಕ್ಷೇಮವಾಗಿ ಅವರವರ ಮನೆ ಸೇರಿಸಲಿ. ಆಮೀನ್.